ಕತ್ತಲಲ್ಲಿ ಕಿವಿಯ ಸಾಕ್ಷಿ: ‘ದಿ ಥರ್ಟೀಂತ್ ಚೇರ್’ ಮತ್ತು ಮೊದಲ ಟಾಕಿಗಳ ಕೊಲೆ ರಹಸ್ಯ



1929ರ ಅಕ್ಟೋಬರಿನಲ್ಲಿ ಹಾಲಿವುಡ್ಡಿನ ಎಂ.ಜಿ.ಎಂ. ಸಂಸ್ಥೆ ‘ದಿ ಥರ್ಟೀಂತ್ ಚೇರ್’, ಅಂದರೆ ಹದಿಮೂರನೆಯ ಕುರ್ಚಿ, ಎಂಬ ಚಿತ್ರವನ್ನು ತೆರೆಗೆ ತಂದಿತು. ನಿರ್ದೇಶಕ ಟಾಡ್ ಬ್ರೌನಿಂಗ್. ಅವನಿಗೆ ಇದು ಮೊದಲ ಟಾಕಿ. ಎಪ್ಪತ್ತು ನಿಮಿಷದ ಆಸುಪಾಸಿನ ಈ ಕೊಲೆ ರಹಸ್ಯ ಇವತ್ತು ಸಿನಿಮಾ ಚರಿತ್ರೆಯಲ್ಲಿ ಸಿಕ್ಕರೆ ಅಡಿಟಿಪ್ಪಣಿಯಲ್ಲಿ ಸಿಗುತ್ತದೆ. ಆ ಅಡಿಟಿಪ್ಪಣಿಯೂ ಇದರಲ್ಲಿ ಪೊಲೀಸ್ ಅಧಿಕಾರಿಯಾದ ಬೆಲಾ ಲುಗೋಸಿಯ ಸಲುವಾಗಿ ಇರುತ್ತದೆಯೇ ಹೊರತು ಚಿತ್ರದ ಸಲುವಾಗಿ ಅಲ್ಲ. ಏಕೆಂದರೆ 1931ರ ಫೆಬ್ರವರಿಯಲ್ಲಿ ಇದೇ ನಿರ್ದೇಶಕ ಇದೇ ನಟನನ್ನು ಇಟ್ಟುಕೊಂಡು ‘ಡ್ರಾಕುಲಾ’ ಕೊಟ್ಟ. ಆ ಚಿತ್ರ ಲೋಕಪ್ರಸಿದ್ಧವಾಯಿತು, ಇದು ಅದರ ತಾಲೀಮು ಎಂದಷ್ಟೇ ಲೆಕ್ಕಕ್ಕೆ ಬಂತು. ಚಿತ್ರ ನಿಧಾನ, ನಟರು ಮರದ ಬೊಂಬೆಗಳ ಹಾಗೆ ನಿಲ್ಲುತ್ತಾರೆ, ಕ್ಯಾಮೆರಾ ಕದಲುವುದಿಲ್ಲ ಎಂಬ ದೂರುಗಳೂ ಇವೆ. ಇವು ಸುಳ್ಳು ದೂರುಗಳಲ್ಲ. ಆದರೂ ಹಳೆಯ ಕೊಲೆ ರಹಸ್ಯಗಳನ್ನು ಹುಡುಕಿ ನೋಡುವವರು ಈ ಚಿತ್ರಕ್ಕೆ ಮತ್ತೆ ಮತ್ತೆ ಬರುತ್ತಾರೆ. ಈ ಸೆಳೆತಕ್ಕೆ ಕಾರಣವೇನು ಎಂಬುದು ಇಂದಿನ ಉಪನ್ಯಾಸದ ಪ್ರಶ್ನೆ. ನನ್ನ ವಾದ ಇಷ್ಟು: ಹೊಸದಾಗಿ ಮಾತು ಕಲಿತ ಸಿನಿಮಾದ ಇತಿಮಿತಿಗಳನ್ನೇ ಈ ಚಿತ್ರ ಒಗಟಿನ ನಿಯಮಗಳನ್ನಾಗಿ ಮಾಡಿಕೊಂಡಿತು, ಪ್ರೇಕ್ಷಕನನ್ನು ನೋಡುಗನ ಜಾಗದಿಂದ ಎಬ್ಬಿಸಿ ಕಿವಿಯಿಂದ ಸಾಕ್ಷಿ ಹೇಳಬೇಕಾದವನ ಜಾಗದಲ್ಲಿ ಕೂರಿಸಿತು. ಅದರ ಆಕರ್ಷಣೆಯ ಬೇರು ಇಲ್ಲಿದೆ.

ಕಥೆಯನ್ನು ಅಗತ್ಯವಿದ್ದಷ್ಟು ಹೇಳುತ್ತೇನೆ. ಕಲ್ಕತ್ತೆಯಲ್ಲಿ ಸರ್ ರಾಸ್ಕೊ ಕ್ರಾಸ್ಬಿ ಎಂಬ ಆಂಗ್ಲ ಗಣ್ಯನ ಮನೆ. ಸ್ಪೆನ್ಸರ್ ಲೀ ಎಂಬವನ ಕೊಲೆ ಈಗಾಗಲೇ ನಡೆದುಹೋಗಿದೆ, ಕೊಂದವರು ಯಾರೆಂದು ತಿಳಿದಿಲ್ಲ. ಅವನ ಗೆಳೆಯ ಎಡ್ವರ್ಡ್ ವೇಲ್ಸ್ ಸತ್ಯ ಹೊರಗೆಳೆಯಲು ಒಂದು ಪ್ರೇತಾವಾಹನದ ಕೂಟ ಏರ್ಪಡಿಸುತ್ತಾನೆ. ಸತ್ತವರೊಡನೆ ಮಾತಾಡಿಸುವ ಮೀಡಿಯಂ ಆಗಿ ಬರುವವಳು ಮೇಡಂ ರೊಸಾಲಿ ಲಗ್ರಾಂಜ್, ಐರಿಷ್ ನುಡಿಯ ಇಳಿವಯಸ್ಸಿನ ಹೆಂಗಸು. ಕುರ್ಚಿಗಳು ವೃತ್ತಾಕಾರವಾಗಿ ಕೂಡುತ್ತವೆ, ಕುಳಿತವರು ಪಕ್ಕದವರ ಕೈ ಹಿಡಿಯುತ್ತಾರೆ, ದೀಪ ಆರುತ್ತದೆ. ಮತ್ತೆ ಬೆಳಕು ಬರುವಷ್ಟರಲ್ಲಿ ಹದಿಮೂರನೆಯ ಕುರ್ಚಿಯಲ್ಲಿದ್ದ ವೇಲ್ಸ್ ಇರಿತಕ್ಕೆ ಸಿಕ್ಕಿ ಸತ್ತಿದ್ದಾನೆ. ತನಿಖೆಗೆ ಬರುವವನು ಇನ್ಸ್‌ಪೆಕ್ಟರ್ ಡೆಲ್ಜಾಂಟೆ, ಅಂದರೆ ಲುಗೋಸಿ. ಅವನ ಅನುಮಾನ ಹೋಗಿ ನಿಲ್ಲುವುದು ಹೆಲೆನ್ ಓನೀಲ್ ಎಂಬ ತರುಣಿಯ ಮೇಲೆ. ಕ್ರಾಸ್ಬಿಯ ಮಗ ಮದುವೆಯಾಗಲಿರುವ ಆ ಹುಡುಗಿ ಬೇರಾರೂ ಅಲ್ಲ, ಮೀಡಿಯಂಳ ಮಗಳು. ಮಗಳನ್ನು ಉಳಿಸಿಕೊಳ್ಳಲು ತಾಯಿ ತನ್ನ ವಿದ್ಯೆಯನ್ನೇ ಪಣಕ್ಕಿಡಬೇಕಾಗುತ್ತದೆ. ಕೊಲೆಗಾರ ಯಾರೆಂದು ನಾನು ಹೇಳುವುದಿಲ್ಲ. ನನ್ನ ವಾದಕ್ಕೆ ಅದು ಬೇಕಾಗಿಯೂ ಇಲ್ಲ. ಮೂಲ ನಾಟಕ ಬೇಯರ್ಡ್ ವೀಲರ್ ಬರೆದದ್ದು. 1916ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ಬಂತು. ಅಲ್ಲಿ ಮೀಡಿಯಂಳ ಪಾತ್ರ ಮಾಡಿದ್ದ ಮಾರ್ಗರೆಟ್ ವಿಚರ್ಲಿಯೇ ಹದಿಮೂರು ವರ್ಷಗಳ ಮೇಲೆ ಚಿತ್ರದಲ್ಲೂ ಅದೇ ಪಾತ್ರ ಮಾಡಿದಳು. 1919ರಲ್ಲಿ ಇದೇ ನಾಟಕ ಮೂಕಿ ಚಿತ್ರವಾಗಿತ್ತು, 1937ರಲ್ಲಿ ಎಂ.ಜಿ.ಎಂ. ಮತ್ತೊಮ್ಮೆ ತೆಗೆಯಿತು. ಒಂದೇ ಕಥೆ ಮೂರು ಸಲ ತೆರೆಗೆ ಬಂದಿರುವಾಗ 1929ರ ಆವೃತ್ತಿಯ ವಿಶೇಷವನ್ನು ಕಥೆಯಲ್ಲಿ ಹುಡುಕಿ ಫಲವಿಲ್ಲ. ಅದು ಹುಟ್ಟಿದ ಗಳಿಗೆಯಲ್ಲಿ ಹುಡುಕಬೇಕು.

ಆ ಗಳಿಗೆ ಎಂಥದು? ‘ದಿ ಜಾಜ್ ಸಿಂಗರ್’ 1927ರ ಅಕ್ಟೋಬರಿನಲ್ಲಿ ಬಂತು. ಆದಿಯಿಂದ ಅಂತ್ಯದವರೆಗೆ ಮಾತಿರುವ ಮೊದಲ ಪೂರ್ಣ ಚಿತ್ರ ‘ಲೈಟ್ಸ್ ಆಫ್ ನ್ಯೂಯಾರ್ಕ್’ 1928ರಲ್ಲಿ ಬಂತು. ಅಲ್ಲಿಂದ ಎರಡು ವರ್ಷದೊಳಗೆ ಇಡೀ ಹಾಲಿವುಡ್ ಮೂಕಿಯನ್ನು ಬಿಟ್ಟು ಟಾಕಿಗೆ ದಾಟಿತು. ಈ ದಾಟುವಿಕೆಗೆ ತೆತ್ತ ಬೆಲೆ ದೊಡ್ಡದು. ಕ್ಯಾಮೆರಾದ ಗರಗರ ಮೈಕ್ರೊಫೋನಿಗೆ ಬೀಳಬಾರದೆಂದು ಅದನ್ನು ಸದ್ದು ಹೊರಬಿಡದ ಗೂಡಿನಲ್ಲಿ, ಛಾಯಾಗ್ರಾಹಕನ ಸಮೇತ, ಗಾಜಿನ ಕಿಟಕಿಯ ಹಿಂದೆ ಇರಿಸಿದರು. ಸದ್ದು ಮಾಡುವ ಆರ್ಕ್ ದೀಪಗಳ ಜಾಗಕ್ಕೆ ಸದ್ದಿಲ್ಲದ ಟಂಗ್‌ಸ್ಟನ್ ಬಲ್ಬುಗಳು ಬಂದವು. ಮೈಕ್ರೊಫೋನನ್ನು ಸೆಟ್ಟಿನ ಸಾಮಾನಿನ ನಡುವೆ ಅಡಗಿಸಿ, ನಟರನ್ನು ಅದರ ಸುತ್ತ ಗುಂಪುಗೂಡಿಸುತ್ತಿದ್ದರು. ಹಿನ್ನೆಲೆ ಸಂಗೀತವನ್ನು ಆಮೇಲೆ ಬೆರೆಸುವ ಸೌಕರ್ಯ ಇನ್ನೂ ಒದಗಿರಲಿಲ್ಲವಾದ್ದರಿಂದ ಮಾತು ನಿಂತಲ್ಲೆಲ್ಲ ಬರಿಯ ಮೌನ ಮತ್ತು ಧ್ವನಿಪಟ್ಟಿಯ ಸಣ್ಣ ಸುಯ್ಯೆನ್ನುವ ಸದ್ದು. ಮೂಕಿಯ ಕೊನೆಯ ವರ್ಷಗಳಲ್ಲಿ ಹಕ್ಕಿಯಂತೆ ಹಾರಾಡುತ್ತಿದ್ದ ಕ್ಯಾಮೆರಾ ಹೀಗೆ ಒಂದೆಡೆ ಕೂತಿತು. ಹೀಗಾದಾಗ ಸ್ಟುಡಿಯೊಗಳು ಕೈಚಾಚಿದ್ದು ಎರಡು ಬಗೆಯ ನಾಟಕಗಳಿಗೆ: ಕೋರ್ಟಿನ ವಿಚಾರಣೆ ಮತ್ತು ಮುಚ್ಚಿದ ಮನೆಯೊಳಗಿನ ಕೊಲೆ. 1929ರಲ್ಲೇ ಇದೇ ವೀಲರ್ ತನ್ನ ‘ದಿ ಟ್ರಯಲ್ ಆಫ್ ಮೇರಿ ಡುಗನ್’ ನಾಟಕವನ್ನು ಎಂ.ಜಿ.ಎಂ.ಗಾಗಿ ತಾನೇ ನಿರ್ದೇಶಿಸಿದ. ಇದನ್ನು ವ್ಯಾಪಾರಿಗಳ ಆತುರವೆಂದು ತಳ್ಳಿಹಾಕುವುದು ಸುಲಭ. ಆದರೆ ಆಯ್ಕೆಯಲ್ಲಿ ಒಂದು ಜಾಣತನವಿದೆ. ಸಾಕ್ಷಿಕಟ್ಟೆಯಲ್ಲಿ ನಿಂತವನು ಓಡಾಡುವುದಿಲ್ಲ, ಮಾತಾಡುತ್ತಾನೆ. ತನಿಖೆಯಲ್ಲಿ ಸಿಲುಕಿದವನು ಕೋಣೆ ಬಿಟ್ಟು ಹೋಗುವಂತಿಲ್ಲ, ಉತ್ತರಿಸಬೇಕು. ಅಲ್ಲಿ ಮಾತೇ ಕ್ರಿಯೆ.

‘ಹದಿಮೂರನೆಯ ಕುರ್ಚಿ’ ಈ ಹೊಂದಾಣಿಕೆಯನ್ನು ಅದರ ತುದಿಗೆ ಒಯ್ಯುತ್ತದೆ. ಬೇರೆ ಟಾಕಿಯಲ್ಲಿ ಆರು ಮಂದಿ ಕದಲದೆ ಕೂತರೆ ಅದು ಮೈಕ್ರೊಫೋನಿನ ಬಲವಂತವೆಂದು ಕಣ್ಣಿಗೆ ರಾಚುತ್ತದೆ. ಪ್ರೇತಾವಾಹನದ ಕೂಟದಲ್ಲಿ ಕದಲದಿರುವುದೇ ನಿಯಮ. ಕೈಗೆ ಕೈ ಸೇರಿಸಿ ಕೂತವರು ಕೈ ಬಿಟ್ಟರೆ ಕೂಟ ಕೆಟ್ಟಿತು; ಕೊಲೆಯಾದ ಮೇಲಂತೂ ಯಾರು ಯಾರ ಕೈ ಹಿಡಿದಿದ್ದರು, ಯಾರು ಬಿಟ್ಟರು ಎಂಬುದೇ ತನಿಖೆಯ ವಿಷಯ. ತಂತ್ರಜ್ಞಾನ ಹಾಕಿದ ಕಟ್ಟು ಹೀಗೆ ಕಥೆಯ ಕಟ್ಟಾಗಿ, ಅಲ್ಲಿಂದ ಸುಳಿವಾಗಿ ಮಾರ್ಪಡುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ದೀಪ ಆರುವ ಮೊದಲು ಮೇಡಂ ಲಗ್ರಾಂಜ್ ತನ್ನ ಕಸುಬಿನ ಕೈಚಳಕವನ್ನು ಕೂಟದವರ ಮುಂದೆ ತಾನೇ ಬಿಚ್ಚಿಡುತ್ತಾಳೆ. ಆತ್ಮ ಬಂದ ಗುರುತಾಗಿ ಕೇಳಿಸುವ ಸದ್ದು ಮನುಷ್ಯರೇ ಹುಟ್ಟಿಸಬಲ್ಲದ್ದು ಎಂಬುದು ಅಲ್ಲಿಗೆ ಸ್ಪಷ್ಟವಾಗುತ್ತದೆ. 1920ರ ದಶಕದ ಪ್ರೇಕ್ಷಕರಿಗೆ ಇದು ಕಾಲದ ಮಾತಾಗಿತ್ತು. ಮೊದಲ ಮಹಾಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ಅಸಂಖ್ಯ ಕುಟುಂಬಗಳು ಮೀಡಿಯಂಗಳ ಬಾಗಿಲು ತಟ್ಟಿದ್ದವು. ಆರ್ಥರ್ ಕಾನನ್ ಡಾಯ್ಲ್ ಮೀಡಿಯಂಗಳ ಪರವಾಗಿ ಊರೂರು ತಿರುಗಿ ಭಾಷಣ ಮಾಡಿದ್ದರೆ, ಜಾದೂಗಾರ ಹೂಡಿನಿ 1926ರಲ್ಲಿ ತೀರಿಕೊಳ್ಳುವವರೆಗೆ ಅವರ ಮೋಸ ಬಯಲಿಗೆಳೆಯುವುದನ್ನೇ ವ್ರತ ಮಾಡಿಕೊಂಡಿದ್ದ. ಬ್ರೌನಿಂಗ್ ಕೂಡ 1925ರ ‘ದಿ ಮಿಸ್ಟಿಕ್’ ಎಂಬ ಮೂಕಿಯಲ್ಲಿ ಸುಳ್ಳು ಮೀಡಿಯಂಗಳ ಕಥೆ ಹೇಳಿದ್ದ. ಮೂಕಿಯಲ್ಲಿ ಆ ಮೋಸ ಕಣ್ಣಿಗೆ ಕಾಣಬೇಕಿತ್ತು. ಟಾಕಿಯಲ್ಲಿ ಮೋಸ ಕಿವಿಗೆ ಬಂತು. ಕೇಳಿದ್ದನ್ನೆಲ್ಲ ನಂಬಬೇಡಿ ಎಂದು ಮೊದಲೇ ಪಾಠ ಹೇಳಿ, ಆಮೇಲೆ ಕೇಳುವುದನ್ನು ಬಿಟ್ಟು ಬೇರೇನೂ ಉಳಿಯದಂತೆ ದೀಪ ಆರಿಸುವುದು: ಚಿತ್ರದ ಹೂಟ ಇದು.

ಈಗ ಆ ಕತ್ತಲಿಗೆ ಬರೋಣ. ಕೂಟ ನಡೆಯುವಾಗ ತೆರೆ ಪೂರ್ತಿ ಕಪ್ಪಾಗುತ್ತದೆ. ಧ್ವನಿಗಳು ಮಾತ್ರ ಉಳಿಯುತ್ತವೆ. ಮೂಕಿಗೆ ಇದು ಸಾಧ್ಯವೇ ಇರಲಿಲ್ಲ. ಪಾಲ್ ಲೆನಿಯ ‘ದಿ ಕ್ಯಾಟ್ ಅಂಡ್ ದಿ ಕ್ಯಾನರಿ’ (1927) ಮೂಕಿಯ ಕಾಲದ ಅತ್ಯುತ್ತಮ ಭೂತಬಂಗಲೆ ಚಿತ್ರ. ಅಲ್ಲಿ ಮಾತಿನ ಫಲಕಗಳ ಅಕ್ಷರಗಳಿಗೇ ಚಲನೆ ಕೊಟ್ಟು, ಭಯದ ಉದ್ಗಾರವನ್ನೂ ಕಣ್ಣಿಗೆ ಕಾಣಿಸಬೇಕಾಯಿತು. ಮೂಕಿಯಲ್ಲಿ ತೆರೆ ಕಪ್ಪಾಗಿ ನಿಂತರೆ ಪ್ರದರ್ಶನ ನಿಂತಂತೆ. ರಂಗಭೂಮಿಗೆ ಇದು ಸಾಧ್ಯವಿತ್ತು, ವೀಲರನ ನಾಟಕ ಅದನ್ನು ಬಳಸಿಕೊಂಡಿತ್ತು ಕೂಡ. ಹಾಗಾದರೆ ಸಿನಿಮಾ ರಂಗಭೂಮಿಯನ್ನು ನಕಲು ಮಾಡಿತೇ? ವ್ಯತ್ಯಾಸ ಸೂಕ್ಷ್ಮವಾದದ್ದು, ಆದರೆ ನಿರ್ಣಾಯಕ. ರಂಗದ ಮೇಲೆ ಕತ್ತಲಾದರೂ ನಟ ತಾನು ಕೂತ ಕುರ್ಚಿಯಿಂದಲೇ ಮಾತಾಡುತ್ತಾನೆ. ಎಡಗಡೆಯವನ ದನಿ ಎಡದಿಂದ, ಬಲಗಡೆಯವಳ ಕಿರುಚು ಬಲದಿಂದ ಬರುತ್ತದೆ. ಕಿವಿ ದಿಕ್ಕು ಹಿಡಿಯುತ್ತದೆ. 1929ರ ಚಿತ್ರಮಂದಿರದಲ್ಲಿ ಧ್ವನಿಗೆ ಇದ್ದದ್ದು ಒಂದೇ ದಾರಿ. ತೆರೆಯ ಹಿಂದಿನ ಧ್ವನಿವರ್ಧಕದಿಂದ ಎಲ್ಲರ ಮಾತೂ ಒಂದೇ ಜಾಗದಿಂದ ಹೊರಬರುತ್ತಿತ್ತು. ಬೆಳಕಿರುವಾಗ ಈ ಕೊರತೆ ನಮಗೆ ತಿಳಿಯುವುದಿಲ್ಲ, ಏಕೆಂದರೆ ತುಟಿ ಅಲ್ಲಾಡುವುದನ್ನು ಕಂಡು ಕಣ್ಣು ದನಿಯನ್ನು ಆಯಾ ಮುಖಕ್ಕೆ ಅಂಟಿಸಿಬಿಡುತ್ತದೆ. ತೆರೆ ಕಪ್ಪಾದ ಕ್ಷಣ ಆ ಅಂಟು ಬಿಡುತ್ತದೆ. ಹದಿಮೂರು ಕುರ್ಚಿಗಳ ದನಿಗಳು ದಿಕ್ಕಿಲ್ಲದೆ ಒಂದೇ ಬಿಂದುವಿನಲ್ಲಿ ತೇಲುತ್ತವೆ. ಯಾರು ಎಲ್ಲಿಂದ ಮಾತಾಡಿದರು, ಯಾರು ಎದ್ದರು, ಯಾರು ಮಾತಾಡಲಿಲ್ಲ ಎಂದು ಊಹಿಸಲು ಧ್ವನಿಯ ಬಣ್ಣವೊಂದೇ ಆಧಾರ. ನಾಟಕ ನೋಡಿದವನಿಗಿಂತ ಚಿತ್ರ ನೋಡಿದವನು ನಿಜಕ್ಕೂ ಹೆಚ್ಚು ಕುರುಡನಾಗಿದ್ದ. ಆ ಕಾಲದ ಯಂತ್ರದ ಬಡತನ ಒಗಟಿಗೆ ಸಿರಿಯಾಗಿ ಒದಗಿತು. ಧ್ವನಿ ನಾನಾ ದಿಕ್ಕಿನಿಂದ ಬರುವ ಇಂದಿನ ಚಿತ್ರಮಂದಿರದಲ್ಲಿ ಇದೇ ದೃಶ್ಯವನ್ನು ಹೊಸದಾಗಿ ತೆಗೆದರೆ ಈ ಗೊಂದಲವನ್ನು ಬೇಕೆಂದೇ ಸೃಷ್ಟಿಸಬೇಕಾಗುತ್ತದೆ.

ಇದಕ್ಕೆ ಬರಬಹುದಾದ ಮೊದಲ ಆಕ್ಷೇಪ: ಚಿತ್ರವೇ ಮಾಯವಾಗಿ ಮಾತಷ್ಟೇ ಉಳಿದರೆ ಅದು ಬಾನುಲಿ ನಾಟಕ, ಸಿನಿಮಾ ಹೇಗಾದೀತು? ಉತ್ತರ ಕೇಳುಗನ ಸ್ಥಿತಿಯಲ್ಲಿದೆ. ಬಾನುಲಿ ಕೇಳುವವನು ಏನನ್ನೂ ಕಳೆದುಕೊಂಡಿರುವುದಿಲ್ಲ; ಅವನಿಗೆ ಮೊದಲಿನಿಂದಲೂ ಮುಖಗಳಿಲ್ಲ. ಸಿನಿಮಾದವನು ಅರೆಗಳಿಗೆಯ ಹಿಂದಷ್ಟೇ ಆ ಮುಖಗಳನ್ನು ಕಂಡಿದ್ದಾನೆ, ಯಾರು ಯಾರ ಪಕ್ಕ ಕೂತರೆಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡಿದ್ದಾನೆ. ಆ ನಕ್ಷೆಯನ್ನು ಕೈಗೆ ಕೊಟ್ಟು ಬೆಳಕನ್ನು ಕಿತ್ತುಕೊಳ್ಳುವುದರಿಂದ ಅವನ ಸ್ಮರಣೆ ಕೆಲಸಕ್ಕೆ ಬೀಳುತ್ತದೆ. ಅದೂ ಅಲ್ಲದೆ, ಚಿತ್ರಮಂದಿರಕ್ಕೆ ಬೆಳಕು ತೆರೆಯಿಂದಲೇ ಬರಬೇಕು. ತೆರೆ ಕಪ್ಪಾದರೆ ಕಲ್ಕತ್ತೆಯ ಆ ದಿವಾನಖಾನೆಯ ಕತ್ತಲೆ ಸಭಾಂಗಣದ ಕತ್ತಲೆಯೂ ಆಗುತ್ತದೆ. ಪಕ್ಕದ ಕುರ್ಚಿಯವರು ಪ್ರೇಕ್ಷಕನಿಗೂ ಕಾಣುವುದಿಲ್ಲ. ಕೂಟದವರಿಗೂ ಪ್ರೇಕ್ಷಕರಿಗೂ ನಡುವಿನ ಗೆರೆ ಅಷ್ಟು ಹೊತ್ತು ಅಳಿಸಿಹೋಗುತ್ತದೆ. ಬಾನುಲಿಗೆ ಈ ಶಕ್ತಿ ಇಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಒಂದು ದೃಶ್ಯದ ಆಕಸ್ಮಿಕ ಯಶಸ್ಸನ್ನು ಹಿಡಿದುಕೊಂಡು ಸಿದ್ಧಾಂತ ಕಟ್ಟಬಹುದೇ? ಈ ಒಂದೇ ಚಿತ್ರದಲ್ಲಿ ಹೀಗಾಗಿದ್ದರೆ ಆಕ್ಷೇಪವನ್ನು ಒಪ್ಪಬೇಕಿತ್ತು. ಆದರೆ ಆ ಮೂರು ನಾಲ್ಕು ವರ್ಷಗಳ ಕೊಲೆ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಧ್ವನಿಯ ಮೇಲಿನ ಅನುಮಾನ ಎಲ್ಲ ಕಡೆಯೂ ಕಾಣುತ್ತದೆ. 1928ರ ‘ದಿ ಟೆರರ್’ನಲ್ಲಿ ನಟವರ್ಗದ ಹೆಸರುಗಳನ್ನು ಸಹ ತೆರೆಯ ಮೇಲೆ ಬರೆಯದೆ ಬಾಯಲ್ಲಿ ಹೇಳಿಸಿದರು, ಹೇಳಿದವನು ಮುಂದೆ ನಮ್ಮ ಚಿತ್ರದ ನಾಯಕನಾದ ಕಾನ್ರಾಡ್ ನೇಗಲ್. 1929ರ ‘ದಿ ಕ್ಯಾನರಿ ಮರ್ಡರ್ ಕೇಸ್’ ಮೂಕಿಯಾಗಿ ಶುರುವಾಗಿ ಟಾಕಿಯಾಯಿತು. ನಟಿ ಲೂಯಿಸ್ ಬ್ರೂಕ್ಸ್ ದನಿ ಕೊಡಲು ವಾಪಸು ಬರಲು ಒಪ್ಪದ ಕಾರಣ, ಅವಳ ದೇಹಕ್ಕೆ ಮಾರ್ಗರೆಟ್ ಲಿವಿಂಗ್‌ಸ್ಟನ್ ದನಿಯನ್ನು ಅಂಟಿಸಿದರು. ಆ ಚಿತ್ರಕ್ಕೆ ಆಧಾರವಾದ ಎಸ್.ಎಸ್. ವ್ಯಾನ್ ಡೈನ್ ಕಾದಂಬರಿಯಲ್ಲಿ ಒಗಟಿನ ಕೀಲಿಯೇ ಒಂದು ಗ್ರಾಮಫೋನ್ ತಟ್ಟೆ ಎಂಬುದನ್ನು ನೆನೆದರೆ ವಿಚಿತ್ರವೆನಿಸುತ್ತದೆ. ಅದೇ ವರ್ಷ ಇಂಗ್ಲೆಂಡಿನಲ್ಲಿ ಹಿಚ್‌ಕಾಕ್ ‘ಬ್ಲ್ಯಾಕ್‌ಮೇಲ್’ ತೆಗೆದ. ಕೊಂದ ಮರುಬೆಳಗ್ಗೆ ತಿಂಡಿಗೆ ಕೂತ ಹುಡುಗಿಗೆ ನೆರೆಯವಳ ಹರಟೆಯೆಲ್ಲ ಮಸುಕಾಗಿ, ಚಾಕು ಎಂಬ ಒಂದೇ ಪದ ತಿವಿಯುವಂತೆ ಕೇಳಿಸುವ ದೃಶ್ಯ ಅದರಲ್ಲಿದೆ. 1931ರಲ್ಲಿ ಜರ್ಮನಿಯ ಫ್ರಿಟ್ಜ್ ಲಾಂಗ್ ‘ಎಂ’ ಕೊಟ್ಟ. ಅಲ್ಲಿ ಮಕ್ಕಳನ್ನು ಕೊಲ್ಲುವವನನ್ನು ಗುರುತಿಸುವವನು ಕಣ್ಣಿಲ್ಲದ ಬಲೂನು ಮಾರುವವ, ಸುಳಿವು ಆ ಕೊಲೆಗಾರನ ಸಿಳ್ಳು. ಹಿಚ್‌ಕಾಕ್, ಲಾಂಗ್ ಈ ಇಬ್ಬರ ಕಲೆಗಾರಿಕೆಯ ಮುಂದೆ ಬ್ರೌನಿಂಗನದು ಒರಟು ಕೆಲಸ, ಅನುಮಾನವಿಲ್ಲ. ಆದರೆ ಅವರೂ ಇವನೂ ಕೇಳಿಕೊಂಡ ಪ್ರಶ್ನೆ ಒಂದೇ: ಈಗ ಧ್ವನಿಯನ್ನು ದೇಹದಿಂದ ಬಿಡಿಸಿ ಎಲ್ಲಿಗೆ ಬೇಕಾದರೂ ಒಯ್ಯಬಹುದಾಗಿರುವಾಗ, ಅದನ್ನು ಸಾಕ್ಷ್ಯವೆಂದು ಎಷ್ಟು ನಂಬಬೇಕು? ದೇಹವಿಲ್ಲದ ದನಿಯನ್ನು ಕಾಸು ಪಡೆದು ಕೇಳಿಸುವುದು ಟಾಕಿಯ ಕಸುಬೂ ಹೌದು, ಮೇಡಂ ಲಗ್ರಾಂಜಳ ಕಸುಬೂ ಹೌದು. ಕೊಲೆ ರಹಸ್ಯ ಆ ಹೊಸ ಯಂತ್ರದ ಮುಂದೆ ಕೂತ ಜನರ ಅಳುಕಿಗೆ ಒಂದು ಆಟದ ರೂಪ ಕೊಟ್ಟಿತು.

ನಾಟಕೀಯತೆಯ ದೂರನ್ನು ಈಗ ನೇರವಾಗಿ ಎದುರಿಸಬೇಕು. ‘ಛಾಯಾಚಿತ್ರ ತೆಗೆದ ನಾಟಕ’ ಎಂಬುದು ಈ ಚಿತ್ರದ ಮೇಲಿನ ಹಳೆಯ ಅಪವಾದ. ಇದನ್ನು ಹೇಳುವವರು 1930ರ ‘ದಿ ಬ್ಯಾಟ್ ವಿಸ್ಪರ್ಸ್’ ಕಡೆ ಬೆರಳು ತೋರಿಸುತ್ತಾರೆ. ಅದೂ ರಂಗನಾಟಕದಿಂದಲೇ ಬಂದ ಕೊಲೆ ರಹಸ್ಯ. ಆದರೆ ನಿರ್ದೇಶಕ ರೋಲೆಂಡ್ ವೆಸ್ಟ್ ಅಗಲ ಫಿಲ್ಮಿನಲ್ಲೂ ಅದನ್ನು ಚಿತ್ರಿಸಿದ, ಕ್ಯಾಮೆರಾವನ್ನು ಕಟ್ಟಡಗಳ ನೆತ್ತಿಯಿಂದ ಕೆಳಕ್ಕೆ ಧುಮುಕಿಸಿದ. ಆ ಚಿತ್ರ ಕಣ್ಣಿಗೆ ಹಬ್ಬವೆಂದು ನಾನೂ ಒಪ್ಪುತ್ತೇನೆ. ಆದರೆ ಆ ಧುಮುಕಾಟ ಒಗಟಿಗೆ ಏನನ್ನು ಸೇರಿಸುತ್ತದೆ? ಬೆರಗನ್ನು ಸೇರಿಸುತ್ತದೆ, ಸುಳಿವನ್ನಲ್ಲ. ಬ್ರೌನಿಂಗನ ಕದಲದ ಕೋಣೆಯಲ್ಲಿ ಯಾರು ಎಲ್ಲಿ ಕೂತಿದ್ದರು ಎಂಬುದನ್ನು ನಾವು ಲೆಕ್ಕವಿಡಬಹುದು. ಆ ಲೆಕ್ಕವೇ ಕತ್ತಲಲ್ಲಿ ನಮ್ಮ ಏಕೈಕ ಬಂಡವಾಳ. ಹಾಗೆಂದು ಚಿತ್ರದ ಜಡತೆಯೆಲ್ಲ ಉದ್ದೇಶಪೂರ್ವಕವೆಂದು ನಾನು ವಾದಿಸುವುದಿಲ್ಲ. ಪ್ರೇಮಿಗಳ ಸಂಭಾಷಣೆಗಳು ಪೇಲವ, ಕೂಟಕ್ಕೆ ಮೊದಲಿನ ಪರಿಚಯದ ಭಾಗ ಎಳೆದಂತಿದೆ, ಮಾತಿಗೂ ಮಾತಿಗೂ ನಡುವೆ ನಟರು ಕಾಯುವುದು ಕಾಣುತ್ತದೆ. ಇವು ಕಾಲದ ದೋಷಗಳು, ದೋಷಗಳೇ. ಆದರೆ ಒಂದು ಮಿತಿ ಕೃತಿಯ ಒಂದು ಕಡೆ ಹೊರೆಯಾಗಿ, ಇನ್ನೊಂದು ಕಡೆ ಬಲವಾಗಿ ಇರಬಹುದು. ವಿಮರ್ಶೆ ಎರಡನ್ನೂ ಬೇರ್ಪಡಿಸಿ ತೂಗಬೇಕೇ ಹೊರತು ಒಂದರ ಹೆಸರಿನಲ್ಲಿ ಇನ್ನೊಂದನ್ನು ಅಳಿಸಬಾರದು.

ಇನ್ನು ಲುಗೋಸಿಯ ಮಾತು. ಈ ಚಿತ್ರದ ಬೆಲೆಯೆಲ್ಲ ‘ಡ್ರಾಕುಲಾ’ದ ಮುನ್ಸೂಚನೆಯಲ್ಲಿದೆ ಎನ್ನುವವರು ಅವನ ದನಿಯನ್ನು ಹಿಂದುಮುಂದಾಗಿ ಕೇಳುತ್ತಿದ್ದಾರೆ. 1927ರಲ್ಲೇ ಬ್ರಾಡ್‌ವೇಯಲ್ಲಿ ಡ್ರಾಕುಲಾ ಆಗಿದ್ದವನು ಇಲ್ಲಿ ರಕ್ತ ಹೀರುವವನಲ್ಲ, ಕಾನೂನಿನ ಮನುಷ್ಯ. ಹಂಗೇರಿಯನ್ ನಾಲಗೆಯಲ್ಲಿ ಇಂಗ್ಲಿಷಿನ ಒಂದೊಂದು ಅಕ್ಷರವನ್ನೂ ತಡೆತಡೆದು, ಒತ್ತಿ ನುಡಿಯುವ ಅವನ ರೀತಿ ಇಂಗ್ಲಿಷ್ ಗಣ್ಯರ ಕೋಣೆಯಲ್ಲಿ ಹೊರಗಿನದಾಗಿ ಕೇಳಿಸುತ್ತದೆ. ಆ ಕೋಣೆಯವರೆಲ್ಲ ಒಂದೇ ಬಗೆಯ ಸಭ್ಯ ಉಚ್ಚಾರದಲ್ಲಿ ಮಾತಾಡುವಾಗ, ಎರಡು ದನಿಗಳು ಮಾತ್ರ ಆ ವೃತ್ತದ ಹೊರಗೆ ನಿಲ್ಲುತ್ತವೆ: ಐರಿಷ್ ಮೀಡಿಯಂಳದು ಮತ್ತು ಈ ಇನ್ಸ್‌ಪೆಕ್ಟರನದು. ಸತ್ಯ ಹೊರಬೀಳಬೇಕಾದದ್ದು ಈ ಇಬ್ಬರ ಸೆಣಸಾಟ ಮತ್ತು ಕೊನೆಯ ಸಹಕಾರದಿಂದ. ವಿಚರ್ಲಿಯ ದನಿಯಂತೂ ಚಿತ್ರದ ನಿಜವಾದ ಸಂಪತ್ತು; ಕೂಗಿನಿಂದ ಬೇಡಿಕೆಗೆ, ವ್ಯಾಪಾರಿಯ ಗತ್ತಿನಿಂದ ತಾಯಿಯ ದಿಗಿಲಿಗೆ ಅದು ಇಳಿಯುತ್ತದೆ. ಇಪ್ಪತ್ತು ವರ್ಷಗಳ ಮೇಲೆ ‘ವೈಟ್ ಹೀಟ್’ (1949) ಚಿತ್ರದಲ್ಲಿ ಪಾತಕಿಯ ತಾಯಿಯಾಗಿ ಇದೇ ನಟಿ ಮರೆಯಲಾಗದ ಕೆಲಸ ಮಾಡಿದಳು. ರಹಸ್ಯ ಬಿಡುವುದು ಬೆರಳಚ್ಚಿನಿಂದಲೋ ಭೂತಗನ್ನಡಿಯಿಂದಲೋ ಅಲ್ಲ, ಮತ್ತೊಮ್ಮೆ ಹೂಡಿದ ಪ್ರೇತಾವಾಹನದಿಂದ. ಸುಳ್ಳು ಕಸುಬೆಂದು ಮೊದಲೇ ಒಪ್ಪಿಕೊಂಡದ್ದೇ ಸತ್ಯವನ್ನು ಬಾಯಿಬಿಡಿಸುತ್ತದೆ. ಧ್ವನಿಯ ಮೇಲಿನ ಅನುಮಾನದಿಂದ ಹೊರಟ ಚಿತ್ರ ಧ್ವನಿಯ ಬಲದಲ್ಲೇ ಮುಗಿಯುತ್ತದೆ ಎಂಬುದು ಅದರ ಒಳಗಿನ ಕಟ್ಟುನಿಟ್ಟಿಗೆ ಪುರಾವೆ.

ಭಾರತೀಯ ಪ್ರೇಕ್ಷಕ ಎತ್ತಲೇಬೇಕಾದ ಆಕ್ಷೇಪವೊಂದಿದೆ, ಅದಕ್ಕೆ ನನ್ನಲ್ಲಿ ಪೂರ್ಣ ಸಮಾಧಾನವಿಲ್ಲ. ನಾಟಕ ನಡೆಯುವುದು ನ್ಯೂಯಾರ್ಕಿನಲ್ಲಿ. ಚಿತ್ರ ಅದನ್ನು ಕಲ್ಕತ್ತೆಗೆ ತಂದಿತು. ತಂದು ಮಾಡಿದ್ದೇನು? ಸ್ಟುಡಿಯೊದ ಗೋಡೆಗಳ ನಡುವೆ ಕಟ್ಟಿದ ಈ ಕಲ್ಕತ್ತೆಯಲ್ಲಿ ಊರೇ ಇಲ್ಲ. ಮಾಟಮಂತ್ರದ ನಾಡು ಎಂಬ ಪಶ್ಚಿಮದ ಹಳೆಯ ಕಲ್ಪನೆಯನ್ನು ಪ್ರೇತಾವಾಹನಕ್ಕೆ ಹಿನ್ನೆಲೆಯಾಗಿ ತೂಗುಹಾಕಿದ್ದಷ್ಟೇ. ಲಾಲ್ ಚಂದ್ ಮೆಹ್ರಾ ಎಂಬ ಭಾರತೀಯ ನಟ ಒಂದು ಸಣ್ಣ ಪಾತ್ರದಲ್ಲಿದ್ದಾನೆ. ಕಥೆಯ ಗಂಟು ಮಾತ್ರ ಆಂಗ್ಲ ಕುಟುಂಬ ಮತ್ತು ಅದರ ಬಳಗದ ನಡುವೆಯೇ ಬಿಗಿಯುತ್ತದೆ, ಅಲ್ಲೇ ಬಿಚ್ಚುತ್ತದೆ. ಇಷ್ಟೊಂದು ಕಿವಿಗೊಟ್ಟು ಆಲಿಸಲು ಕಲಿಸುವ ಚಿತ್ರ ಆ ನೆಲದವರ ದನಿಯನ್ನು ಆಲಿಸುವುದಿಲ್ಲ ಎಂಬ ಆರೋಪ ನಿಲ್ಲುತ್ತದೆ. ಆದರೆ ಆ ಆರೋಪ ಮೂಲ ವಾದವನ್ನು ಉರುಳಿಸುವುದಿಲ್ಲ, ಅದರ ಎಲ್ಲೆಯನ್ನು ಗುರುತಿಸುತ್ತದೆ. ಚಿತ್ರದ ಶ್ರವಣಶಕ್ತಿ ಆ ಕೋಣೆಯ ಬಾಗಿಲಿನವರೆಗೆ. ಅದರಾಚೆಗೆ ಅದು ತನ್ನ ಕಾಲದ ಸಾಮ್ರಾಜ್ಯದಷ್ಟೇ ಕಿವುಡು. ಮೆಚ್ಚುಗೆಯ ಜೊತೆಗೇ ಇದನ್ನು ಹೇಳದಿದ್ದರೆ ಮೆಚ್ಚುಗೆಗೆ ಬೆಲೆ ಇರುವುದಿಲ್ಲ.

ಕೊನೆಗೆ, ಇಂಥ ಮರೆತ ಚಿತ್ರದ ವಿಚಾರ ಕನ್ನಡದ ಸಭೆಯಲ್ಲಿ ಏಕೆ ಎಂಬ ಪ್ರಶ್ನೆ. ಸಂಕ್ರಮಣ ಕಾಲದ ಕೃತಿಗಳನ್ನು ಅಳೆಯುವ ಕೋಲು ನಮಗೂ ಬೇಕಾಗಿದೆ. 1934ರಲ್ಲಿ ಕನ್ನಡಕ್ಕೆ ಟಾಕಿ ಬಂದಾಗ ಅದನ್ನು ಕೈಹಿಡಿದು ನಡೆಸಿದ್ದು ಕಂಪನಿ ನಾಟಕದವರೇ. ವೈ.ವಿ. ರಾವ್ ನಿರ್ದೇಶಿಸಿದ ‘ಸತಿ ಸುಲೋಚನ’ಕ್ಕೆ ಮಾತು ಬರೆದವರು ನಾಟಕಕಾರ ಬೆಳ್ಳಾವೆ ನರಹರಿಶಾಸ್ತ್ರಿಗಳು, ಅದರಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ರಂಗಭೂಮಿಯಲ್ಲಿ ಪಳಗಿದವರು. ಆ ಕಾಲದ ನಮ್ಮ ಚಿತ್ರಗಳ ಮೇಲೂ ನಾಟಕವನ್ನು ಹಾಗೆಯೇ ತೆರೆಗೆ ಎತ್ತಿದರು ಎಂಬ ಮಾತು ಸಲೀಸಾಗಿ ಬೀಳುತ್ತದೆ. ಅವು ಪೌರಾಣಿಕಗಳು, ಅವುಗಳ ಗುರಿ ಬೇರೆ. ಕೊಲೆ ರಹಸ್ಯದ ಜೊತೆ ಹೋಲಿಸಿ ಅಂಕ ಹಾಕುವ ಉದ್ದೇಶ ನನ್ನದಲ್ಲ. ಆದರೆ ಕೇಳಬೇಕಾದ ಪ್ರಶ್ನೆಯ ರೂಪ ಎರಡು ಕಡೆಯೂ ಒಂದೇ. ನಾಟಕದಿಂದ ಎಷ್ಟು ಎರವಲು ತಂದರು ಎಂದು ಲೆಕ್ಕ ಹಾಕುವುದರಲ್ಲಿ ವಿಮರ್ಶೆ ಮುಗಿಯಬಾರದು. ತಂದದ್ದು ಹೊಸ ಯಂತ್ರಕ್ಕೆ ಸಿಕ್ಕಾಗ ಏನಾಯಿತು, ಹಳೆಯ ರಂಗದಲ್ಲಿ ಇಲ್ಲದ ಯಾವ ಅನುಭವ ಹುಟ್ಟಿತು ಎಂದು ಕೇಳಬೇಕು. ‘ಹದಿಮೂರನೆಯ ಕುರ್ಚಿ’ಗೆ ಈ ಪ್ರಶ್ನೆ ಹಾಕಿದರೆ ಸ್ಪಷ್ಟ ಉತ್ತರ ಸಿಗುತ್ತದೆ: ಒಂದೇ ಧ್ವನಿವರ್ಧಕ, ಕಪ್ಪು ತೆರೆ, ಕದಲದ ನಟರು. ಈ ಮೂರು ಕೊರತೆಗಳಿಂದ ಅದು ರಂಗಭೂಮಿಯೂ ಮೂಕಿಯೂ ಬಾನುಲಿಯೂ ಕೊಡಲಾರದ ಒಂದು ಕುತೂಹಲವನ್ನು ಕಟ್ಟಿತು. ಮುಂದೆ ತಂತ್ರ ಸುಧಾರಿಸಿ ಕ್ಯಾಮೆರಾ ಮತ್ತೆ ಓಡಾಡತೊಡಗಿದಾಗ ಕೊಲೆ ರಹಸ್ಯ ಚುರುಕಾಯಿತು, ಮಾತು ಸರಾಗವಾಯಿತು. ಆ ಕುತೂಹಲಕ್ಕೆ ಆಗ ಅಷ್ಟಾಗಿ ಕೆಲಸ ಉಳಿಯಲಿಲ್ಲ. ಆದ್ದರಿಂದ ಈ ಚಿತ್ರವನ್ನು ಮುಂದೆ ಬಂದ ಉತ್ತಮ ಚಿತ್ರಗಳ ಕಚ್ಚಾ ಕರಡು ಎಂದು ಓದುವುದು ತಪ್ಪು. ಕೆಲವೇ ವರ್ಷ ತೆರೆದಿದ್ದ ಒಂದು ಸಾಧ್ಯತೆಯನ್ನು ಅದು ತನ್ನ ಪಾಡಿಗೆ ಪೂರ್ತಿಯಾಗಿ ಬಳಸಿಕೊಂಡಿತು. ಆ ಕೆಲಸದ ಮಟ್ಟಿಗೆ ಅದು ಸಣ್ಣದಾದರೂ ಮುಗಿದ ಕೃತಿ, ಅದಕ್ಕೆ ಸಲ್ಲಬೇಕಾದ ಅಳತೆಗೋಲೂ ಅದೇ.